ಬರಿಗಾಲಿನ ಅಳತೆ

ಯಾವ ಹೊಸ ನೆಲಕ್ಕೆ ಹೋದರೂ ಮೇಸ್ತ್ರಿ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಬೂಟು ಬಿಚ್ಚುವುದು. ಬಿಚ್ಚಿದ ಬೂಟುಗಳನ್ನು ಅಂಚಿನಲ್ಲಿ ಜೋಡಿಸಿ, ಅವುಗಳ ಮೂತಿಯನ್ನು ಹೊರಗಡೆಗೆ ತಿರುಗಿಸಿಟ್ಟು, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ ಬರಿಗಾಲಿನಲ್ಲಿ ನಡೆಯತೊಡಗುತ್ತಿದ್ದರು. ಆ ನಡಿಗೆ ಅಂತಿಂಥ ನಡಿಗೆಯಲ್ಲ. ಮೊದಲು ಹಿಮ್ಮಡಿ, ಆಮೇಲೆ ಅಂಗಾಲು, ಕೊನೆಗೆ ಬೆರಳು. ಹೆಜ್ಜೆಗೆ ಹೆಜ್ಜೆ ತಾಗಿಸಿ, ನೇಗಿಲ ಸಾಲಿನಂತೆ ಆ ಕೊನೆಗೆ ಹೋಗಿ ಈ ಕೊನೆಗೆ ಬರುವುದು. ಅರವತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲದ ನೆಲವನ್ನು ಹೀಗೆ ನಡೆದು ಮುಗಿಸಲು ಅರ್ಧ ದಿನ ಬೇಕು. ಅಷ್ಟು ಹೊತ್ತು ಅವರು ಯಾರೊಡನೆಯೂ ಮಾತಾಡುತ್ತಿರಲಿಲ್ಲ.

ರೋಲರ್ ಓಡಿಸುವವನಿಗೆ ಮಾತ್ರ ಬಾಯಿ ಕಟ್ಟಿಕೊಂಡಿರುವುದೆಂದರೆ ಆಗದು. ಮೂವತ್ತು ವರ್ಷ ಮೇಸ್ತ್ರಿಯ ಜೊತೆಗೇ ದುಡಿದವನು ಅವನು. ರೋಲರಿನ ಮೇಲೆ ಕುಳಿತು ಕಾಲು ಅಲ್ಲಾಡಿಸುತ್ತ, "ಏನ್ ಮೇಸ್ತ್ರಿ, ನೆಲಕ್ಕೆ ಜ್ವರ ಬಂದಿದೆಯಾ? ಕಾಲಲ್ಲಿ ನಾಡಿ ನೋಡ್ತಾ ಇದ್ದೀರಿ" ಎನ್ನುತ್ತಿದ್ದ.

ಮೇಸ್ತ್ರಿ ಒಂದೊಂದು ಸಲ ಉತ್ತರ ಕೊಡುವುದೂ ಇತ್ತು. "ಜ್ವರ ಇದ್ದರೆ ಚಿಂತೆ ಇಲ್ಲ ಕಣೋ. ಶೀತ ಇರಬಾರದು."

ಅದು ಬರಿಯ ತಮಾಷೆಯಾಗಿರಲಿಲ್ಲ. ಅವರ ಕಸುಬಿನ ತಿರುಳೇ ಆ ಮಾತಿನಲ್ಲಿತ್ತು.

ಮನೆ ಕಟ್ಟುವ ಮೇಸ್ತ್ರಿಗಳು ಬೀದಿಗೊಬ್ಬರು ಸಿಗುತ್ತಾರೆ. ಕುದುರೆ ಸವಾರಿಗೆ ಅಂಗಳ ಹಾಕುವ ಮೇಸ್ತ್ರಿ ಆ ಸುತ್ತುಮುತ್ತಿಗೆಲ್ಲ ಅವರೊಬ್ಬರೇ. ಅಲ್ಲಿಯ ಮಣ್ಣೆಲ್ಲ ಜೇಡಿ. ಮುಂಗೋಪದ ನೆಂಟನಿದ್ದ ಹಾಗೆ, ಅದಕ್ಕೆ ಏನು ಕೊಟ್ಟರೂ ಮುನಿಸು. ನೀರು ಕೊಟ್ಟರೆ ಉಬ್ಬುತ್ತದೆ, ಬಿಸಿಲು ಕೊಟ್ಟರೆ ಬಿರಿಯುತ್ತದೆ. ಬೇಸಿಗೆಯ ಬಿರುಕಿನೊಳಗೆ ಮೊಣಕೈವರೆಗೆ ಕೈ ಇಳಿಯುತ್ತಿತ್ತು. ಮಳೆಗಾಲದಲ್ಲಿ ಅದೇ ನೆಲ ಬೂಟನ್ನು ಕಚ್ಚಿ ಹಿಡಿದುಕೊಂಡು ಕಾಲನ್ನಷ್ಟೇ ಹಿಂದಕ್ಕೆ ಕೊಡುತ್ತಿತ್ತು. ಚಳಿಗಾಲದ ಬೆಳಗ್ಗೆ ಒಳಗಿನ ನೀರು ಹೆಪ್ಪುಗಟ್ಟಿ ನೆಲವೇ ಎರಡು ಬೆರಳು ಮೇಲೆದ್ದು, ಮಧ್ಯಾಹ್ನಕ್ಕೆ ಕರಗಿ ಕುಸಿಯುತ್ತಿತ್ತು. ಇಂಥ ಮಣ್ಣಿನ ಮೇಲೆ ಐನೂರು ಕಿಲೋ ತೂಗುವ ಕುದುರೆ, ಬೆನ್ನ ಮೇಲೆ ಮನುಷ್ಯನನ್ನು ಹೊತ್ತು, ವರ್ಷವಿಡೀ ಓಡಬೇಕು, ತಿರುಗಬೇಕು, ಹಾರಬೇಕು. ಎಲ್ಲೋ ಒಂದು ಕಡೆ ಗೊರಸು ನಾಲ್ಕು ಬೆರಳು ಹೆಚ್ಚಿಗೆ ಇಳಿದರೂ ಸಾಕು, ಮುಂಗಾಲು ಉಳಿಯುವುದಿಲ್ಲ.

ಅದಕ್ಕೇ ಮೇಸ್ತ್ರಿ ಅಂಗಳವನ್ನು ಮೇಲಿನಿಂದ ಕಟ್ಟುತ್ತಿರಲಿಲ್ಲ, ಕೆಳಗಿನಿಂದ ಕಟ್ಟುತ್ತಿದ್ದರು. ಹುಲ್ಲು ಬೇರಿನ ಮೇಲ್ಮಣ್ಣನ್ನೆಲ್ಲ ಕೆತ್ತಿ ತೆಗೆದು, ಒಳಗಿನ ಜೇಡಿಗೇ ವಾಟ ಕೊಟ್ಟು, ನೀರು ನಿಲ್ಲದೆ ಒಂದು ಪಕ್ಕಕ್ಕೆ ಹರಿಯುವಂತೆ ಮಾಡುತ್ತಿದ್ದರು. ನಡುನಡುವೆ ಕಾಲುವೆ ತೋಡಿ ತೂತಿನ ಕೊಳವೆಗಳನ್ನು ಮಲಗಿಸುತ್ತಿದ್ದರು. ಅದರ ಮೇಲೆ ಕಂಬಳಿಯಂಥ ದಪ್ಪ ಬಟ್ಟೆ, ಬಟ್ಟೆಯ ಮೇಲೆ ಒಂದು ಗೇಣು ಜಲ್ಲಿ, ರೋಲರಿನ ದಮ್ಮಸ್ಸು, ಮತ್ತೆ ಬಟ್ಟೆ, ಎಲ್ಲಕ್ಕೂ ಮೇಲೆ ಮರಳು. ಬಟ್ಟೆ ಯಾಕೆಂದು ಕೇಳಿದವರಿಗೆ, "ಜಲ್ಲಿ, ಜೇಡಿ, ಮರಳು ಮೂವರೂ ಒಳ್ಳೆಯವರೇ. ಒಂದೇ ಹಾಸಿಗೆಯಲ್ಲಿ ಮಲಗಿಸಿದರೆ ಮಾತ್ರ ಜಗಳ" ಎನ್ನುತ್ತಿದ್ದರು.

ಇದನ್ನೆಲ್ಲ ಬೇರೆಯವರೂ ಕಲಿಯಬಹುದಾಗಿತ್ತು. ಯಾರೂ ಕಲಿಯಲಾಗದ್ದು ಆ ನಡಿಗೆ. ಕೆತ್ತಿದ ಜೇಡಿಯನ್ನು ಅವರು ಒಂದು ಮಳೆಗಾಲ, ಒಂದು ಬೇಸಿಗೆ ಹಾಗೆಯೇ ತೆರೆದು ಬಿಡುತ್ತಿದ್ದರು. ಉಬ್ಬುವುದು ಉಬ್ಬಲಿ, ಕುಗ್ಗುವುದು ಕುಗ್ಗಲಿ ಎಂದು. ಆ ಅವಧಿಯಲ್ಲಿ ಮೂರು ಸಲ ನಡೆಯುತ್ತಿದ್ದರು. ಮೊದಲ ಮಳೆ ಬಿದ್ದ ಮೇಲೆ ಒಮ್ಮೆ, ಬಿಸಿಲು ಬಲಿತಾಗ ಒಮ್ಮೆ, ಜಲ್ಲಿ ಸುರಿಯುವ ಹಿಂದಿನ ಬೆಳಗ್ಗೆ ಕೊನೆಯ ಸಲ. ಒಳಗೆ ನೀರು ಅಡಗಿದ್ದ ಜಾಗ ಅಂಗಾಲಿಗೆ ಒಂದಿಷ್ಟು ತಣ್ಣಗೆ ಮುಟ್ಟುತ್ತಿತ್ತು, ಒಂದು ಕೂದಲೆಳೆಯಷ್ಟು ಬಗ್ಗುತ್ತಿತ್ತು. ರಸಮಟ್ಟಕ್ಕೆ ಕಾಣದ್ದು, ರೋಲರಿಗೆ ತಿಳಿಯದ್ದು ಅವರ ಕಾಲಿಗೆ ತಿಳಿಯುತ್ತಿತ್ತು. ಅಲ್ಲಿ ಒಂದು ಗೂಟ ನೆಟ್ಟು ಮುಂದೆ ಹೋಗುತ್ತಿದ್ದರು. ಅಗೆದರೆ ಅಲ್ಲಿ ನೀರಿದ್ದೇ ಇರುತ್ತಿತ್ತು. ಮೂವತ್ತು ವರ್ಷದಲ್ಲಿ ಒಂದು ಗೂಟವೂ ಸುಳ್ಳಾಗಲಿಲ್ಲ. ಹಾಗಾಗಿ 'ನಾನು ನಡೆದಿದ್ದೇನೆ' ಎಂದು ಅವರು ಹೇಳಿದರೆ ಮುಗಿಯಿತು, ಅದರ ಮೇಲೆ ಇನ್ನೊಂದು ಮಾತಿಲ್ಲ.

ಮನೆಯಲ್ಲಿ ಹೆಂಡತಿಗೆ ಈ ಕಾಲಿನ ಮೇಲೆ ಅಂಥ ಗೌರವವೇನೂ ಇರಲಿಲ್ಲ. "ನಮ್ಮನೇಲಿ ನಾವು ಮೂರು ಜನ, ಮಣ್ಣು ನಾಲ್ಕನೇದು. ಊಟಕ್ಕೊಂದು ಕೂರಲ್ಲ ಅಷ್ಟೆ" ಎಂದು ಬಾಗಿಲಲ್ಲೇ ಬಕೆಟ್ಟಿಟ್ಟುಕೊಂಡು ಕಾಯುತ್ತಿದ್ದಳು. ಮಗಳು ಮಾತ್ರ ಚಿಕ್ಕಂದಿನಿಂದಲೂ ಅಪ್ಪನ ಹೆಜ್ಜೆಯಲ್ಲೇ ಹೆಜ್ಜೆ. ರಜೆಯ ದಿನ ಅಂಗಳಕ್ಕೆ ಬಂದು, ತನ್ನ ಪುಟ್ಟ ಬೂಟುಗಳನ್ನೂ ಮೂತಿ ತಿರುಗಿಸಿಟ್ಟು, ಹಸಿ ಜೇಡಿಯಲ್ಲಿ ಅಪ್ಪನ ಪಾದ ಮೂಡಿದ ಗುಳಿಗಳಲ್ಲಿ ಕಾಲಿಡುತ್ತ ಹಿಂದೆಯೇ ನಡೆಯುತ್ತಿದ್ದಳು. ಅಂಗಳ ಮುಗಿದ ಮೇಲೆ ಅಲ್ಲಿಗೆ ಕುದುರೆಗಳು ಬರುತ್ತಿದ್ದವು. ಅವುಗಳನ್ನು ನೋಡುತ್ತ ಬೇಲಿಯ ಮೇಲೆ ಕುಳಿತ ಹುಡುಗಿ ಒಂದು ದಿನ ಬೇಲಿಯಿಂದ ಇಳಿದು ಕುದುರೆಯ ಬೆನ್ನೇರಿದಳು. ಮುಂದೆ ಅದೇ ಅವಳ ಬದುಕಾಯಿತು. ಊರಂಚಿನ ಸವಾರಿ ಶಾಲೆಯಲ್ಲಿ ಕಲಿಸುವವಳಾದಳು. ಆ ಶಾಲೆಗೆ ಮೂಳೆ ಎಣಿಸುವಂತೆ ಬಡಕಲಾಗಿ ಬಂದ ಒಂದು ಹೆಣ್ಣುಕುದುರೆಯನ್ನು ಕೈತುತ್ತು ಕೊಟ್ಟ ಹಾಗೆ ಸಾಕಿ ಬೆಳೆಸಿದಳು. ಕೆಂಚು ಬಣ್ಣದ್ದು, ಹಾಗಾಗಿ ಕೆಂಚಿ. ಅವಳ ಹೆಜ್ಜೆಯ ಸದ್ದು ಕೇಳಿದರೆ ಸಾಕು, ಕೆಂಚಿ ಲಾಯದ ಬಾಗಿಲನ್ನು ಮೂಗಿನಿಂದ ತಟ್ಟುತ್ತಿತ್ತು.

ಹೆದರುವ ಹೊಸ ಸವಾರರಿಗೆ ಅವಳು ಹೇಳುತ್ತಿದ್ದ ಧೈರ್ಯ ಒಂದೇ. "ನೆಲದ ಕಡೆ ನೋಡಬೇಡಿ. ಇದು ನಮ್ಮಪ್ಪ ನಡೆದ ನೆಲ."

ಮೇಸ್ತ್ರಿಯ ಕಾಲಿಗೆ ಕೇಡು ಬಂದದ್ದು ಯಾರಿಗೂ ತಿಳಿಯದಂತೆ. ಒಂದು ಸಂಜೆ ಅವರು ಕೆಲಸದಿಂದ ಬಂದು ಅಡುಗೆಮನೆಯವರೆಗೆ ನಡೆದು ಹೋದರು. ಹಿಂದೆಯೇ ನೆಲ ಒರೆಸುತ್ತ ಬಂದ ಹೆಂಡತಿ, ಇವತ್ತೇನು ಕೆಮ್ಮಣ್ಣು ತುಳಿದು ಬಂದಿದ್ದೀರಿ ಎಂದು ಕೇಳಿದವಳು, ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಅದು ಮಣ್ಣಲ್ಲ, ರಕ್ತ. ಹಿಮ್ಮಡಿಯಲ್ಲಿ ಅರ್ಧ ಬೆರಳು ಉದ್ದದ ಮೊಳೆ ನಾಟಿಕೊಂಡಿತ್ತು. ಎಲ್ಲಿ ನಾಟಿತು, ಯಾವಾಗ ನಾಟಿತು, ಮೇಸ್ತ್ರಿಗೆ ಗೊತ್ತಿರಲಿಲ್ಲ.

ಮರುದಿನ ಆಕೆ ಬಲವಂತದಿಂದ ಡಾಕ್ಟರ ಬಳಿಗೆ ಕರೆದೊಯ್ದಳು. ಡಾಕ್ಟರು ಕಣ್ಣು ಮುಚ್ಚಿಕೊಳ್ಳಲು ಹೇಳಿ, ಅಂಗಾಲನ್ನು ಒಂದು ಸಣ್ಣ ದಾರದಿಂದ ಮುಟ್ಟುತ್ತೇನೆ, ತಿಳಿದಾಗಲೆಲ್ಲ ಹೂಂ ಎನ್ನಿ ಎಂದರು. ಮೇಸ್ತ್ರಿ ಕಣ್ಣು ಮುಚ್ಚಿ, ಸ್ವಲ್ಪ ಕಾದು, ಹೂಂ ಎಂದರು. ಮತ್ತೆ ಸ್ವಲ್ಪ ಕಾದು ಹೂಂ ಎಂದರು. ಮೂರನೆಯ ಸಲಕ್ಕೆ ಡಾಕ್ಟರು ಮೆಲ್ಲಗೆ, "ನಾನಿನ್ನೂ ಮುಟ್ಟೇ ಇಲ್ಲ" ಎಂದರು.

ಸಕ್ಕರೆ ಕಾಯಿಲೆ ಅಂಗಾಲಿನ ಅರಿವನ್ನೆಲ್ಲ ತಿಂದು ಹಾಕಿತ್ತು. ಇನ್ನು ಮೇಲೆ ಬರಿಗಾಲಿನಲ್ಲಿ ನಡೆಯಲೇಬಾರದು, ಮನೆಯೊಳಗೆ ಕೂಡ, ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ಮೇಸ್ತ್ರಿ ತಲೆಯಾಡಿಸಿ ಎದ್ದು ಬಂದರು. ದಾರಿಯಲ್ಲಿ ಹೆಂಡತಿ, ಮಗಳಿಗೆ ಹೇಳಿಬಿಡೋಣ ಎಂದಳು. ಅದೊಂದು ಮಾತ್ರ ಬೇಡ, ಈಗ ಕೈಗೆತ್ತಿಕೊಂಡ ಕೆಲಸ ಮುಗಿಯಲಿ, ಆಮೇಲೆ ನಾನೇ ಹೇಳುತ್ತೇನೆ ಎಂದು ಅವರು ಅಂಗಲಾಚಿದರು. ಮೂವತ್ತೆರಡು ವರ್ಷದ ಸಂಸಾರದಲ್ಲಿ ಗಂಡ ಹಾಗೆ ಅಂಗಲಾಚಿದ್ದನ್ನು ಆಕೆ ಕಂಡಿರಲಿಲ್ಲ. ಒಪ್ಪಿಕೊಂಡಳು.

ಕೈಗೆತ್ತಿಕೊಂಡಿದ್ದ ಕೆಲಸವೆಂದರೆ ಮಗಳ ಶಾಲೆಯ ಹೊಸ ಅಂಗಳವೇ.

ಕೊನೆಯ ನಡಿಗೆಯ ಬೆಳಗ್ಗೆ ಮಗಳು ಕೆಂಚಿಯ ಕೊರಳಿಗೆ ಕೈ ಹಾಕಿಕೊಂಡು ಬೇಲಿಯ ಆಚೆ ನಿಂತಿದ್ದಳು. ಮೇಸ್ತ್ರಿ ಎಂದಿನಂತೆ ಬೂಟು ಬಿಚ್ಚಿ, ಮೂತಿ ತಿರುಗಿಸಿಟ್ಟು ನಡೆದರು. ಹಿಮ್ಮಡಿ, ಅಂಗಾಲು, ಬೆರಳು. ಹತ್ತಿಯ ಮೂಟೆಗಳನ್ನು ಕಾಲಿಗೆ ಕಟ್ಟಿಕೊಂಡು ನಡೆದ ಹಾಗಿತ್ತು. ಹಿಂದೆಲ್ಲ ಅವರೊಡನೆ ಮಾತಾಡುತ್ತಿದ್ದ ನೆಲ ಬಾಯಿ ಮುಚ್ಚಿಕೊಂಡಿತ್ತು. ಹಿಂದಿನ ಮೂಲೆಗೆ ಬಂದಾಗ ನಿಂತರು. ಕೆತ್ತುವ ಮುಂಚೆ ಆ ಮೂಲೆಯ ಹುಲ್ಲು ಬೇಸಿಗೆಯಲ್ಲೂ ಹಸಿರಾಗಿತ್ತೆಂಬುದು ಅವರಿಗೆ ನೆನಪಿತ್ತು. ಒಂದು ಕಾಲನ್ನು ಊರಿದರು, ಇನ್ನೊಂದನ್ನು ಊರಿದರು. ಏನೂ ಇಲ್ಲ. ತಣ್ಣಗೂ ಇಲ್ಲ, ಬೆಚ್ಚಗೂ ಇಲ್ಲ.

"ಹೇಗಿದೆ ಅಪ್ಪ?" ಮಗಳು ಬೇಲಿಯಿಂದ ಕೂಗಿ ಕೇಳಿದಳು.

ತಿಳಿಯುತ್ತಿಲ್ಲ, ಅಗೆದು ನೋಡೋಣ ಎಂದಿದ್ದರೆ ಒಂದು ದಿನದ ಕೆಲಸ. ಆದರೆ ಮೂವತ್ತು ವರ್ಷದಲ್ಲಿ ಅವರು ಹಾಗೆಂದದ್ದೇ ಇಲ್ಲ. ಹಾಗೆಂದುಬಿಟ್ಟರೆ ಯಾಕೆ ಎಂಬ ಪ್ರಶ್ನೆ ಬರುತ್ತಿತ್ತು.

"ಕಲ್ಲಿದ್ದ ಹಾಗಿದೆ" ಎಂದರು.

ಮಧ್ಯಾಹ್ನ ರೋಲರಿನವನು ಯಂತ್ರ ನಿಲ್ಲಿಸಿ ಇಳಿದು ಬಂದು, ಆ ಮೂಲೆಯಲ್ಲಿ ರೋಲರಿನ ಮೂತಿ ಒಂಚೂರು ಬಗ್ಗಿದ ಹಾಗಾಯಿತು, ಒಮ್ಮೆ ಅಗೆದು ನೋಡೋಣವೇ ಎಂದು ಕೇಳಿದ. ಮೇಸ್ತ್ರಿ ಅವನ ಮುಖ ನೋಡದೆ, "ನಾನು ನಡೆದಿದ್ದೇನೆ" ಎಂದರು. ಅವನು ಹೋಗಿ ರೋಲರ್ ಹತ್ತಿದ. ಬಟ್ಟೆ ಹಾಸಿದರು, ಜಲ್ಲಿ ಸುರಿದರು, ಮರಳು ಹರಡಿದರು.

ಎರಡು ಚಳಿಗಾಲ ಏನೂ ಆಗಲಿಲ್ಲ. ಮೇಸ್ತ್ರಿ ಹೊಸ ಕೆಲಸ ಒಪ್ಪಿಕೊಳ್ಳುವುದನ್ನು ಬಿಟ್ಟರು. ವಯಸ್ಸಾಯಿತು ಎಂದರು. ಮಗಳಿಗೆ ಹೇಳುವ ಮಾತನ್ನು ಇವತ್ತು ನಾಳೆ ಎಂದು ತಳ್ಳುತ್ತ ಬಂದರು, ತಳ್ಳಿದಷ್ಟೂ ಅದು ಭಾರವಾಗುತ್ತ ಹೋಯಿತು. ಮೂರನೆಯ ಚಳಿಗಾಲದ ಕೊನೆಯಲ್ಲಿ ಒಂದು ಮಧ್ಯಾಹ್ನ ಲಾಯದ ಕೆಲಸದವನು ಸೈಕಲ್ಲಿನಲ್ಲಿ ಏದುಸಿರು ಬಿಡುತ್ತ ಮನೆಯ ಬಾಗಿಲಿಗೆ ಬಂದ.

ಮೇಸ್ತ್ರಿ ಹೋಗಿ ನೋಡುವಾಗ ಕೆಂಚಿ ಆ ಮೂಲೆಯಲ್ಲಿ ಮಲಗಿತ್ತು. ಮುಂಗಾಲು ಮೊಣಕಾಲಿನ ಕೆಳಗೆ, ಬಾಗಬಾರದ ಕಡೆಗೆ ಬಾಗಿತ್ತು. ಕೆಳಗೆ ಬಿದ್ದಿದ್ದ ಮಗಳ ತೊಡೆಯ ಮೂಳೆಯೂ ಮುರಿದಿತ್ತು. ಆದರೆ ತನ್ನನ್ನು ಎತ್ತಲು ಬಂದವರನ್ನು ಅವಳು ಹತ್ತಿರ ಬರಗೊಡಲಿಲ್ಲ. ತೆವಳಿಕೊಂಡು ಹೋಗಿ ಕೆಂಚಿಯ ತಲೆಯನ್ನು ಮಡಿಲಿಗೆ ಎಳೆದುಕೊಂಡಿದ್ದಳು. ಪಶುವೈದ್ಯರು ಬಂದು, ನೋಡಿ, ತಲೆಯಾಡಿಸಿ, ಚೀಲದಿಂದ ಸೂಜಿ ತೆಗೆದರು. ಕೊನೆಯವರೆಗೂ ಅವಳು ಕೆಂಚಿಯ ಕಿವಿಯಲ್ಲಿ ಏನೋ ಹೇಳುತ್ತಲೇ ಇದ್ದಳು. ಕಿವಿ ಅಲುಗುವುದು ನಿಂತ ಮೇಲೂ ಹೇಳುತ್ತಿದ್ದಳು.

ಎಲ್ಲರೂ ಹೋದ ಮೇಲೆ ಮೇಸ್ತ್ರಿ ಗೊರಸು ಇಳಿದಿದ್ದ ಗುಳಿಯ ಪಕ್ಕ ಕುಳಿತರು. ಮರಳು, ಹರಿದ ಬಟ್ಟೆ, ಜಲ್ಲಿ, ಅದರಡಿಯಲ್ಲಿ ನೀರು. ಒಳಗೆ ಕೈ ಇಳಿಸಿದರು. ಕೈಗೆ ಇನ್ನೂ ಅರಿವಿತ್ತು. ತಣ್ಣಗಿತ್ತು.

ಅವರತ್ತ ಯಾರೂ ಬೆರಳು ತೋರಿಸಲಿಲ್ಲ. ಕುದುರೆ ಎಡವುವುದು ಹೊಸದೇ ಎಂದರು. ಶಾಲೆಯ ಒಡತಿ ಕೂಡ, ಹವೆಯೇ ಹಾಗಿತ್ತು, ನಿಮ್ಮ ಕೆಲಸದಲ್ಲಿ ಎಲ್ಲಿ ತಪ್ಪು ಎಂದಳು. ಆಸ್ಪತ್ರೆಯಲ್ಲಿ ಕಾಲಿಗೆ ಹಲಗೆ ಕಟ್ಟಿಸಿಕೊಂಡು ಮಲಗಿದ್ದ ಮಗಳು ಗೋಡೆಯ ಕಡೆಗೆ ಮುಖ ಮಾಡಿ ಹೇಳಿದ ಮಾತು ಮಾತ್ರ ಅವರನ್ನು ನುಂಗಿತು.

"ನಾನೇ ಲಗಾಮು ಜಾಸ್ತಿ ಎಳೆದೆ ಅಪ್ಪ. ತುಂಬಾ ಇಕ್ಕಟ್ಟಾಗಿ ತಿರುಗಿಸಿದೆ. ನೆಲ ಏನೂ ಮಾಡಿಲ್ಲ, ನೀನು ನಡೆದ ನೆಲ ಅದು. ಈ ಕೈಯಲ್ಲಿ ಇನ್ನು ಲಗಾಮು ಹಿಡಿಯಲ್ಲ."

ಹೇಳಲು ಅದೇ ಸಮಯವಾಗಿತ್ತು. ಮೇಸ್ತ್ರಿ ಅವಳ ಹೊದಿಕೆ ಸರಿಮಾಡಿ ಹೊರಗೆ ಬಂದರು.

ಒಂದು ತಿಂಗಳು ಹೀಗೆಯೇ ಹೋಯಿತು. ಮಗಳು ಮನೆಗೆ ಬಂದಳು. ಊರುಗೋಲು ಹಿಡಿದು ಕಿಟಕಿಯವರೆಗೆ ನಡೆಯುವಳು, ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತ ಕುಳಿತುಬಿಡುವಳು. ಒಂದು ಬೆಳಗ್ಗೆ ಹೆಂಡತಿ ಗಂಡನ ಕಾಲಿಗೆ ಮುಲಾಮು ಹಚ್ಚುತ್ತ, ತಲೆಯೆತ್ತದೆ ಹೇಳಿದಳು. "ನೋಡಿ, ಮಾಡದ ತಪ್ಪನ್ನ ಮಗು ಹೊತ್ಕೊಂಡು ಕೂತಿದೆ. ನೀವು ಹೇಳ್ತೀರೋ, ನಾನು ಹೇಳಲೋ?"

ಆ ದಿನವೇ ಮೇಸ್ತ್ರಿ ರೋಲರಿನವನನ್ನು ಕರೆದುಕೊಂಡು ಹೋಗಿ ಆ ಮೂಲೆಯನ್ನು ಅಗೆಸಿದರು. ಎರಡು ಮೊಳದ ಕೆಳಗೆ ಕಪ್ಪು ಹೂಳು, ಕೊಳೆತ ಮರದ ತುಂಡು. ಯಾವ ಕಾಲದಲ್ಲೋ ದನಗಳು ನೀರು ಕುಡಿಯುತ್ತಿದ್ದ ಹೊಂಡವನ್ನು ಯಾರೋ ಮುಚ್ಚಿದ್ದರು. ರೋಲರಿನವನು ಗುದ್ದಲಿಯನ್ನು ಊರಿ ನಿಂತು, ಅಂದು ನಾನು ಹೇಳಿದ್ದೆ ಎಂಬ ಮಾತನ್ನು ಬಾಯಿವರೆಗೆ ತಂದು ನುಂಗಿಕೊಂಡ. ಮೂವತ್ತು ವರ್ಷದಲ್ಲಿ ಅವನು ನುಂಗಿಕೊಂಡ ಮಾತು ಅದೊಂದೇ ಇರಬೇಕು.

ಮಗಳನ್ನು ಗಾಡಿಯಲ್ಲಿ ಕರೆತಂದು ಗುಂಡಿಯ ಅಂಚಿನಲ್ಲಿ ಕುರ್ಚಿ ಹಾಕಿ ಕೂರಿಸಿದರು. ಅವಳು ಹೂಳನ್ನು ನೋಡಿದಳು, ನೀರನ್ನು ನೋಡಿದಳು, ಅಪ್ಪನನ್ನು ನೋಡಿದಳು. ಮೇಸ್ತ್ರಿ ಅವಳ ಎದುರಿಗೆ ನೆಲದ ಮೇಲೆ ಕುಳಿತು ಬೂಟು, ಕಾಲುಚೀಲ ಬಿಚ್ಚಿದರು. ಒಂದು ಒಣ ಹುಲ್ಲುಕಡ್ಡಿಯನ್ನು ಅವಳ ಕೈಗೆ ಕೊಟ್ಟರು.

"ನಾನು ಕಣ್ಣು ಮುಚ್ಕೋತೀನಿ. ಅಂಗಾಲಿಗೆ ಮುಟ್ಟಿಸು. ತಿಳಿದಾಗ ಹೂಂ ಅಂತೀನಿ."

ಕಣ್ಣು ಮುಚ್ಚಿ ಕುಳಿತರು. ಈ ಸಲ ಸುಳ್ಳಿಗೆ ಹೂಂ ಎನ್ನಲಿಲ್ಲ. ಬಹಳ ಹೊತ್ತಾದ ಮೇಲೆ ಕಣ್ಣು ತೆರೆದಾಗ, ಮಗಳು ಕಡ್ಡಿಯನ್ನು ಎಸೆದು, ಬಾಗಿ, ಎರಡೂ ಹೆಬ್ಬೆರಳುಗಳ ಉಗುರನ್ನು ಅವರ ಅಂಗಾಲಿಗೆ ಒತ್ತಿ ಹಿಡಿದಿದ್ದಳು. ಉಗುರಿನ ಗುರುತು ಅರ್ಧಚಂದ್ರದಂತೆ ಇಳಿದಿತ್ತು.

"ಯಾವಾಗಿಂದ?" ಎಂದಳು.

"ಇಲ್ಲಿ ಜಲ್ಲಿ ಸುರಿಯೋದಕ್ಕೆ ಮುಂಚಿನಿಂದ."

ಅವಳು ಕೈ ತೆಗೆದಳು. ಊರುಗೋಲುಗಳನ್ನು ಹುಡುಕಿ, ಎದ್ದು, ಯಾರ ಕೈಯನ್ನೂ ಹಿಡಿಯದೆ ಗಾಡಿಯವರೆಗೆ ನಡೆದಳು. ಅಂದಿನಿಂದ ಅಪ್ಪನೊಡನೆ ಮಾತು ನಿಂತಿತು. ಬೇಕಾದ್ದನ್ನೆಲ್ಲ ಅಮ್ಮನ ಮೂಲಕ ಕೇಳುವಳು. ಒಂದೇ ಮೇಜಿನಲ್ಲಿ ಊಟ, ನಡುವೆ ಉಪ್ಪಿನ ಬಟ್ಟಲು ದಾಟಿಸುವವಳು ತಾಯಿ. ಆದರೆ ಅಂಗೈ ನೋಡಿಕೊಳ್ಳುವುದನ್ನು ಅವಳು ಬಿಟ್ಟಿದ್ದನ್ನು ಮೇಸ್ತ್ರಿ ಗಮನಿಸಿದರು. ಮಗಳ ಮಾತನ್ನು ಕಳೆದುಕೊಂಡದ್ದಕ್ಕೆ ಅಷ್ಟಾದರೂ ಸಿಕ್ಕಿತೆಂದುಕೊಂಡರು.

ಅಂಗಳವನ್ನು ಬುಡದಿಂದ ಕಿತ್ತು ಮತ್ತೆ ಹಾಕಲು ಒಡತಿ ಒಪ್ಪಿದಳು. ಹೂಳನ್ನೆಲ್ಲ ತೆಗೆದು, ಗಟ್ಟಿ ಮಣ್ಣು ತುಂಬಿ, ಹೊಸ ಕೊಳವೆ ಹಾಕಿದರು. ಜೇಡಿಯನ್ನು ಒಂದು ಮಳೆಗಾಲ, ಒಂದು ಬೇಸಿಗೆ ತೆರೆದು ಬಿಟ್ಟರು. ಮೊದಲ ನಡಿಗೆಯನ್ನು ಯಾರೂ ನಡೆಯಲಿಲ್ಲ, ಎರಡನೆಯದನ್ನೂ ನಡೆಯಲಿಲ್ಲ. ಅದರ ಬದಲಿಗೆ ಮೇಸ್ತ್ರಿ ಮಾರು ದೂರಕ್ಕೊಂದರಂತೆ ಗುಂಡಿ ತೋಡಿಸಿ ಕೈಯಿಂದ ಮುಟ್ಟಿ ಮುಟ್ಟಿ ನೋಡಿದರು. "ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ನಮಗೆ ನೋಡಿ, ಕೈಯೂ ಕೆಸರು, ಬಾಯೂ ಕೆಸರು" ಎಂದು ರೋಲರಿನವನು ಅವರನ್ನು ನಗಿಸಲು ನೋಡಿದ. ಅವರು ನಗಲಿಲ್ಲ.

ಜಲ್ಲಿ ಸುರಿಯುವ ಹಿಂದಿನ ಬೆಳಗ್ಗೆ ಮೇಸ್ತ್ರಿ ಬೂಟು ತೊಟ್ಟುಕೊಂಡೇ ಅಂಚಿನ ಕಲ್ಲಿನ ಮೇಲೆ ಕುಳಿತಿದ್ದರು. ರೋಲರಿನವನು ಯಂತ್ರಕ್ಕೆ ಎಣ್ಣೆ ಹಾಕುತ್ತಿದ್ದ. ಆಗ ಲಾಯದ ಕಡೆಯಿಂದ ಮಗಳು ಬಂದಳು. ಊರುಗೋಲು ಬಿಟ್ಟು ತಿಂಗಳುಗಳೇ ಆಗಿದ್ದರೂ ಒಂದು ಕಾಲು ಕುಂಟುತ್ತಿತ್ತು. ಅಪ್ಪನ ಪಕ್ಕದಲ್ಲಿ, ಅವರನ್ನು ನೋಡದೆ, ಬೂಟು ಬಿಚ್ಚಿ, ಮೂತಿ ಹೊರಗೆ ತಿರುಗಿಸಿಟ್ಟಳು. ಜೇಡಿಗೆ ಇಳಿದಳು.

ಹಿಮ್ಮಡಿ, ಅಂಗಾಲು, ಬೆರಳು. ಒಂದು ಪಾದ ಆಳವಾಗಿ, ಇನ್ನೊಂದು ಹಗುರವಾಗಿ ಮೂಡುತ್ತ ಹೋಯಿತು. ಹೊತ್ತೇರಿತು. ಹಿಂದಿನ ಮೂಲೆಗೆ ಬಂದಾಗ ಅವಳು ನಿಂತಳು. ಒಂದು ಕಾಲು ಊರಿದಳು, ಇನ್ನೊಂದನ್ನು ಊರಿದಳು. ಕೆಂಚಿ ಮಲಗಿದ್ದ ಜಾಗ ಅದು. ಅವಳು ಅಲ್ಲಿಯೇ ನಿಂತುಬಿಟ್ಟಳು.

ಮೇಸ್ತ್ರಿಗೆ ತಡೆಯಲಾಗಲಿಲ್ಲ. ಒಂದು ವರ್ಷದಿಂದ ಅವಳೊಡನೆ ಮಾತಾಡದಿದ್ದವರು, "ಹೇಗಿದೆ?" ಎಂದರು.

ಅವಳು ತಿರುಗಿ ನೋಡಿದಳು. ಮುಖವೆಲ್ಲ ಒದ್ದೆಯಾಗಿತ್ತು.

"ಗೊತ್ತಾಗ್ತಿಲ್ಲ" ಎಂದಳು. "ಅಗೆದು ನೋಡೋಣ."

ರೋಲರಿನವನು ಗುದ್ದಲಿ ತಂದು ಅಗೆದ. ಸೊಂಟದವರೆಗೆ ಅಗೆದ. ಏನೂ ಇರಲಿಲ್ಲ, ಬರಿಯ ಒಣ ಗಟ್ಟಿ ಮಣ್ಣು. ಅವನು ಗೊಣಗದೆ ಮತ್ತೆ ಮುಚ್ಚಿ ದಮ್ಮಸ್ಸು ಹಾಕಿದ. ಮುಚ್ಚುವವರೆಗೂ ಮೇಸ್ತ್ರಿ ತಲೆ ತಗ್ಗಿಸಿ ತಮ್ಮ ಬೂಟುಗಳನ್ನೇ ನೋಡುತ್ತಿದ್ದರು. ಎಷ್ಟು ಚಿಕ್ಕ ಮಾತು. ತಮ್ಮ ಕೊನೆಯ ನಡಿಗೆಯ ದಿನ ಅದಕ್ಕೆ ಅವರ ಬಾಯಲ್ಲಿ ಜಾಗವಿರಲಿಲ್ಲ.

ಮಗಳು ಉಳಿದ ಸಾಲುಗಳನ್ನು ನಡೆದು ಮುಗಿಸಿ ಅಂಚಿಗೆ ಬಂದಳು. ಕುಂಟುವ ಕಾಲಿನ ಮೇಲೆ ನಿಂತು ಬೂಟು ಹಾಕಿಕೊಳ್ಳುವುದು ಅವಳಿಗೆ ಆಗುತ್ತಿರಲಿಲ್ಲ. ಅತ್ತಿತ್ತ ನೋಡಿದಳು. ಹಿಡಿದುಕೊಳ್ಳಲು ಹತ್ತಿರದಲ್ಲಿ ಬೇರೇನೂ ಇರಲಿಲ್ಲ. ಅಪ್ಪನ ಹೆಗಲ ಮೇಲೆ ಕೈಯೂರಿದಳು.

ಅವರು ಅವಳ ಭಾರಕ್ಕೆ ಹೆಗಲು ಕೊಟ್ಟು ಕುಳಿತರು. ಅವಳು ಒಂದು ಬೂಟು ಹಾಕಿಕೊಂಡಳು, ಇನ್ನೊಂದನ್ನು ಹಾಕಿಕೊಂಡಳು, ಆಮೇಲೆ ಕೈ ತೆಗೆದಳು. ಅಪ್ಪ ಎಂದು ಕರೆಯದೆ ಲಾಯದ ಕಡೆಗೆ ಹೊರಟಳು. ಲಾಯದ ಸಾಲಿನಲ್ಲಿ ಕೆಂಚಿಯ ಬಾಗಿಲು ಇನ್ನೂ ಮುಚ್ಚಿಯೇ ಇತ್ತು. ಅದನ್ನು ದಾಟುವಾಗ ಅವಳ ಕುಂಟು ಹೆಜ್ಜೆ ಒಂದು ಗಳಿಗೆ ನಿಂತು, ಮತ್ತೆ ಮುಂದಕ್ಕೆ ಹೋಯಿತು. ಮೇಸ್ತ್ರಿ ಕುಳಿತಲ್ಲಿಂದಲೇ ಆ ಸದ್ದನ್ನು ಅದು ಕೇಳುವಷ್ಟು ಹೊತ್ತೂ ಕೇಳಿದರು.